ರಸ್ತೆಯ ಮೇಲೊಂದು ಮನೆ

ಮಗಳು ಬಿಂದಿಗೆ ಬಗ್ಗಿಸಿ ಗಾಜಿನ ಲೋಟವನ್ನು ಅಂಚಿನವರೆಗೆ ತುಂಬಿದಳು. ಹೊರಮೈಯನ್ನು ಬಟ್ಟೆಯಿಂದ ಒರೆಸಿ, ಎರಡೂ ಕೈಯಲ್ಲಿ ಹಿಡಿದುಕೊಂಡು ಹೋಗಿ ನಡುಮನೆಯ ನೆಲದ ಮೇಲೆ ಇಟ್ಟಳು. ಇನ್ನೊಂದನ್ನು ಅಡುಗೆಮನೆಯ ಕಿಟಕಿಯ ಹಲಗೆಯ ಮೇಲೆ, ಮತ್ತೊಂದನ್ನು ಮಲಗುವ ಕೋಣೆಯ ಬಾಗಿಲ ಬಳಿ. ಆ ಮರದ ಮನೆಯಲ್ಲಿ ಬೇರೆ ಏನೂ ಉಳಿದಿರಲಿಲ್ಲ.

ನೆಲದಡಿಯಿಂದ ಜಾಕಿ ತಾತನ ದನಿ ಕೇಳಿತು. "ಇಟ್ಟಾಯ್ತೇನಮ್ಮಾ?"

ಅವಳು ತಲೆಯಾಡಿಸಿದಳು.

"ತಲೆ ಆಡಿಸಿದ್ರೆ ನಂಗೆ ಕಾಣಲ್ಲ ಕಣಮ್ಮ. ನಿನ್ನ ಕಾಲ ಕೆಳಗಿದೀನಿ."

ಕೆಳಗೆ ಕೆಲಸದವರು ನಕ್ಕರು. "ಇಟ್ಟೆ" ಎಂದಳು, ಅರ್ಧ ದನಿಯಲ್ಲಿ.

"ನೀರು ಚೆಲ್ಲಿದ ತಕ್ಷಣ ಕೂಗು. ಮನೆ ವಾಲೋದು ಮೊದ್ಲು ನೀರಿಗೆ ಗೊತ್ತಾಗತ್ತೆ, ಆಮೇಲೆ ನಮಗೆ."

ಅಮ್ಮ ಈ ಮನೆಯ ನೆಲ ಒರೆಸಲು ಶುರುಮಾಡಿ ಹನ್ನೊಂದು ವರ್ಷವಾಗಿತ್ತು. ಕೆರೆಯ ದಂಡೆಯ ಮನೆಗಳೆಲ್ಲ ಹೊರಗಿನವರವು. ವರ್ಷಕ್ಕೆ ಎರಡು ವಾರ ಬಂದು ಹೋಗುವವರವು. ಈ ಪುಟ್ಟ ಊರಿನಲ್ಲಿ ಬೀಗ ಹಾಕಿದ ಮನೆಗಳಿಗೆ ಲೆಕ್ಕವಿಲ್ಲ, ಆದರೆ ಊರಿನ ಮೇಷ್ಟ್ರು ಶಾಲೆಯ ಪುಸ್ತಕದ ಕೋಣೆಯಲ್ಲಿ ಮಲಗುತ್ತಿದ್ದರು, ಆಸ್ಪತ್ರೆಯ ನರ್ಸು ತನ್ನ ಕಾರಿನಲ್ಲಿ. ತಾಯಿ ಮಗಳು ಬಾಡಿಗೆಗಿದ್ದ ಕೋಣೆಯನ್ನೂ ಪ್ರವಾಸಿಗರಿಗೆ ಕೊಡುತ್ತೇನೆಂದು ಮಾಲೀಕ ತಿಂಗಳ ಕೊನೆಗೆ ಬಿಡಲು ಹೇಳಿದ್ದ. ಹೊಳೆಯಾಚೆ ಅಜ್ಜ ಬಿಟ್ಟುಹೋದ ಒಂದು ತುಂಡು ಜಾಗವೇನೋ ಇತ್ತು. ಅದರ ಮೇಲೆ ಗೋಡೆ ಎಬ್ಬಿಸುವುದು ಈ ಜನ್ಮಕ್ಕೆ ಆಗುವ ಮಾತಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಆಗ ಈ ಮರದ ಮನೆಯ ಒಡತಿ ಮೇಡಂ ಇದನ್ನು ಕೆಡವಿ ಗಾಜಿನ ಮನೆ ಕಟ್ಟಿಸುವ ಸುದ್ದಿ ಹೇಳಿದರು. "ಬೇಕಿದ್ರೆ ಇದನ್ನ ನೀನೇ ಎತ್ಕೊಂಡು ಹೋಗು" ಎಂದು ನಕ್ಕರು. ಅಮ್ಮ ನಗಲಿಲ್ಲ. ಮರುದಿನ, ಜಾಕಿ ಕೊಟ್ಟು ಮನೆಗಳನ್ನು ಇಡಿಯಾಗಿ ಎತ್ತಿ ಸಾಗಿಸುವ ಜಾಕಿ ತಾತನನ್ನು ಹುಡುಕಿಕೊಂಡು ಹೋದಳು. ಮನೆ ಇನ್ನು ಅವಳದೇ ಎಂದು ಮೇಡಂ ಕಾಗದ ಬರೆದುಕೊಟ್ಟರು. ರಸ್ತೆ ಮುಚ್ಚಲು ಪೊಲೀಸರು ಒಂದೇ ಒಂದು ದಿನ ಕೊಟ್ಟರು, ಅದೂ ಸಂಜೆ ಐದರವರೆಗೆ. ಅಷ್ಟರೊಳಗೆ ಹೊಳೆ ದಾಟದಿದ್ದರೆ ಮನೆಯನ್ನು ರಸ್ತೆಯಲ್ಲೇ ಒಡೆದು ತೆಗೆಯುತ್ತೇವೆ ಎಂದಿದ್ದರು.

"ಕಾಲು ಸುತ್ತು" ಎಂದ ತಾತ. ನಾಲ್ಕು ಮೂಲೆಯಲ್ಲಿ ನಾಲ್ವರು ಜಾಕಿ ತಿರುಗಿಸಿದರು. "ಇನ್ನೊಂದು ಕಾಲು ಸುತ್ತು."

ಮನೆ ಒಮ್ಮೆ ನರಳಿತು. ಲೋಟದ ನೀರಿನ ಮೇಲೆ ಒಂದು ಉಂಗುರ ಎದ್ದು ಅಂಚಿಗೆ ಬಂದು ಮಾಯವಾಯಿತು. ಮಗಳು ಕಿಟಕಿಯತ್ತ ನೋಡಿದಾಗ ಬೇಲಿ ಒಂದು ಬೆರಳಿನಷ್ಟು ಕೆಳಗೆ ಇಳಿದಿತ್ತು.

ಮಧ್ಯಾಹ್ನದ ಹೊತ್ತಿಗೆ ಮನೆ ಚಕ್ರಗಳ ಮೇಲೆ ಕೂತಿತ್ತು. ಮಾವ, ಅಂದರೆ ಅಮ್ಮನ ತಮ್ಮ, ಟ್ರ್ಯಾಕ್ಟರ್ ಓಡಿಸುತ್ತಿದ್ದ. ನಡೆಯುವವರಿಗಿಂತ ನಿಧಾನ. ಅಮ್ಮನ ಜೊತೆ ಪಾತ್ರೆ ತೊಳೆಯುತ್ತ ಮಗಳು ವರ್ಷಗಟ್ಟಲೆ ನೋಡಿದ್ದ ಕೆರೆ ಅಡುಗೆಮನೆಯ ಕಿಟಕಿಯಿಂದ ಮೆಲ್ಲಗೆ ಜಾರಿಹೋಯಿತು. ಅಲ್ಲಿಗೆ ದಿನಸಿ ಅಂಗಡಿ ಬಂತು, ಪೆಟ್ರೋಲ್ ಬಂಕ್ ಬಂತು, ಹಾಲಿನ ಡೈರಿ ಬಂತು. ಅಂಗಡಿಯವನು ತಕ್ಕಡಿ ಹಿಡಿದ ಕೈಯನ್ನು ಹಾಗೇ ಗಾಳಿಯಲ್ಲಿ ಬಿಟ್ಟು ನಿಂತಿದ್ದ. ಹರಟೆ ಹೊಡೆಯುತ್ತಿದ್ದವರೆಲ್ಲ ಮನೆ ಹತ್ತಿರ ಬಂದಂತೆ ಎದ್ದು ನಿಂತರು. ಆಮೇಲೆ ಶಾಲೆ ಬಂತು. ಏಳನೇ ತರಗತಿಯ ಕಿಟಕಿಯ ತುಂಬ ಮಕ್ಕಳ ಮುಖ. ಅವಳು ಓದು ಬಿಟ್ಟದ್ದು ಅದೇ ಕೋಣೆಯಲ್ಲಿ. ಹಿಂದೆ ಸರಿಯಬೇಕೆನ್ನಿಸಿತು, ಆದರೆ ಲೋಟ ಕಾಯಬೇಕಿತ್ತು. ಮೇಷ್ಟ್ರು ಕೈಯಲ್ಲಿ ಸೀಮೆಸುಣ್ಣ ಹಿಡಿದು, ಬಾಯಿ ಸ್ವಲ್ಪ ತೆರೆದು, ಅವಳು ಹಾದುಹೋಗುವುದನ್ನೇ ನೋಡಿದರು.

ನಾಲ್ಕು ಗಂಟೆಗೆ ಸೇತುವೆಯ ಬಾಯಲ್ಲಿ ಮನೆ ನಿಂತಿತು. ನಡುಮನೆಯ ಲೋಟದಿಂದ ಒಂದಿಷ್ಟು ನೀರು ಚೆಲ್ಲಿತು. ಅವಳು ಕೂಗುವ ಮೊದಲೇ ಹೊರಗೆ ಎಲ್ಲರೂ ಕೂಗುತ್ತಿದ್ದರು.

ಸೇತುವೆಯ ಎರಡು ಬದಿಯ ಕಬ್ಬಿಣದ ಕಂಬಗಳು ಮೇಲೆ ಹೋದಂತೆ ಒಳಕ್ಕೆ ಬಾಗಿದ್ದವು. ಸೂರಿನ ಅಂಚು ಎರಡೂ ಕಡೆ ತಾಗಿ ನಿಂತಿತ್ತು. ಸೇತುವೆ ಅಳೆಯುವ ಕೆಲಸವನ್ನು ತಾತ ಅಮ್ಮನಿಗೆ ಒಪ್ಪಿಸಿದ್ದ.

"ಮೂರು ಸಲ ಅಳೆದೆ" ಎಂದಳು ಅಮ್ಮ. "ಮಂಡಿ ಊರಿ ಅಳೆದೆ. ಈ ಕಂಬದ ಬುಡದಿಂದ ಆ ಕಂಬದ ಬುಡಕ್ಕೆ."

"ನೆಲ ಸರಿಯಾಗೇ ಅಳೆದಿದೀಯ ತಾಯಿ" ಎಂದ ತಾತ. "ತಲೆ ಎತ್ತಿ ನೋಡಿಲ್ಲ ಅಷ್ಟೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ, ನಾನೂ ಬಂದು ನೋಡಬೇಕಿತ್ತು."

ಅವನು ಏಣಿ ಹತ್ತಿ ಸೂರು ಸವರಿ ಇಳಿದ. "ಎರಡು ಕಡೆ ಒಂದೊಂದು ಗೇಣು ಕುಯ್ದುಬಿಟ್ರೆ ಹೋಗತ್ತೆ. ಕುಯ್ಯಲಾ?"

ಅಮ್ಮ ಮೇಲೆ ನೋಡಿದಳು. ಹನ್ನೊಂದು ವರ್ಷದಲ್ಲಿ ಈ ಮನೆಗೆ ಒಂದು ಮೊಳೆಯನ್ನೂ ಅವಳು ಹೊಡೆದಿರಲಿಲ್ಲ. ಹಿಂಬಾಗಿಲಲ್ಲಿ ನಿಂತು, ಬರಲಾ ಎಂದು ಕೇಳದೆ ಒಳಗೆ ಕಾಲಿಟ್ಟವಳೂ ಅಲ್ಲ. ಮನೆಯಲ್ಲಿ ಯಾರೂ ಇಲ್ಲದ ತಿಂಗಳುಗಳಲ್ಲೂ ಕೇಳಿಯೇ ಬರುತ್ತಿದ್ದಳು.

"ಮೇಡಂನ ಒಂದು ಮಾತು ಕೇಳಬೇಕಲ್ಲ" ಎಂದಳು.

"ಅಕ್ಕಾ, ಇನ್ಯಾವ ಮೇಡಮ್ಮು?" ಮಾವ ಟ್ರ್ಯಾಕ್ಟರಿನಿಂದಲೇ ಕೂಗಿದ. "ನಾಲ್ಕೂಕಾಲಾಯ್ತು. ಪೊಲೀಸಿನವನು ಆಗಲೇ ಗಡಿಯಾರಾನೇ ಮದುವೆ ಆದವನ ಥರ ಅದನ್ನೇ ನೋಡ್ತಿದಾನೆ."

ಅಮ್ಮ ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತ ನಿಂತೇ ಇದ್ದಳು.

"ಕುಯ್ಯಿ ಅನ್ನಮ್ಮಾ."

ದನಿ ಮೇಲಿನಿಂದ ಬಂತು. ಇಷ್ಟು ಜನರ ಮುಂದೆ ಅವಳ ದನಿ ಇಷ್ಟು ಜೋರಾಗಿ ಎಂದೂ ಬಂದಿರಲಿಲ್ಲ. ಎಲ್ಲರೂ ಕತ್ತೆತ್ತಿದರು. ಕಿಟಕಿಯ ಚೌಕಟ್ಟಿನಲ್ಲಿ ಮಗಳ ಮುಖ ಕೆಂಪಾಗಿತ್ತು. ಅಮ್ಮ ಅವಳನ್ನು, ಅವಳ ಸುತ್ತಲಿನ ಗೋಡೆಯನ್ನು, ಗೋಡೆಯ ಮೇಲಿನ ಸೂರನ್ನು ಹೊಸದಾಗಿ ಕಂಡವಳಂತೆ ನೋಡಿದಳು.

"ಕುಯ್ಯಪ್ಪ" ಎಂದಳು.

ಗರಗಸ ಆಡಿತು. ಹಲಗೆಯ ತುಂಡುಗಳು ರಸ್ತೆಗೆ ಬಿದ್ದವು. ಮರದ ಪುಡಿ ಅಮ್ಮನ ತಲೆಯ ಮೇಲೆ ಉದುರಿತು; ಅವಳು ಕೊಡವಿಕೊಳ್ಳಲಿಲ್ಲ. ಐದಕ್ಕೆ ಹತ್ತು ನಿಮಿಷವಿದ್ದಾಗ ಮನೆ ಸೇತುವೆಯ ಮೇಲೆ ಬಂತು. ಎರಡೂ ಕಡೆ ಎರಡೆರಡು ಬೆರಳು ಜಾಗ. ಮಗಳು ಕಿಟಕಿಯಿಂದ ಕೆಳಗೆ ನೋಡಿದಳು. ಹೊಳೆ ಹರಿಯುತ್ತಿತ್ತು, ಅದರ ಮೇಲೆ ಮನೆಯ ನೆರಳು, ನೆರಳಿನ ಕಿಟಕಿಯಲ್ಲಿ ಅವಳ ತಲೆ. ಪೊಲೀಸಿನವನು ಯಾವಾಗಲೋ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡಿದ್ದ.

ಬೆಳಕು ಹೋಗುವ ಮುಂಚೆ ಅಜ್ಜನ ಜಾಗದಲ್ಲಿ, ಮೊದಲೇ ಕಟ್ಟಿದ್ದ ಗಿಡ್ಡ ಕಂಬಗಳ ಮೇಲೆ ಮನೆ ಇಳಿಯಿತು. ಕಾಲು ಸುತ್ತು, ಕಾಲು ಸುತ್ತು. ಜಾಕಿಗಳು ಒಂದೊಂದಾಗಿ ಹೊರಬಂದವು. ಕೆಲಸದವರು ಹೊಳೆಯಲ್ಲಿ ಕೈಕಾಲು ತೊಳೆಯಲು ಹೋದರು. ಮಗಳು ನಡುಮನೆಯಲ್ಲಿ ಲೋಟದ ಪಕ್ಕ ಕೂತಿದ್ದಳು. ನೀರು ಅಲುಗಾಡುವುದನ್ನು ನಿಲ್ಲಿಸಿತ್ತು.

ಮುಂಬಾಗಿಲು ಹಾರು ಹೊಡೆದು ತೆರೆದಿತ್ತು. ಅಮ್ಮನ ಹೆಜ್ಜೆ ಅದರ ಮುಂದೆ ಬಂದು, ನಿಲ್ಲದೆ, ಮನೆಯನ್ನು ಸುತ್ತಿಕೊಂಡು ಹಿಂದಕ್ಕೆ ಹೋಯಿತು. ಚಪ್ಪಲಿ ಬಿಡುವ ಸದ್ದು. ಹಿಂಬಾಗಿಲ ಚೌಕಟ್ಟಿನ ಮೇಲೆ ಕೈಯಿಟ್ಟು ಅವಳು ನಿಂತಳು.

"ಒಳಗೆ ಬರಲಾ?" ಎಂದಳು.