ಹಿಂದೆ ಕಾಲಿಂಚು ಜಾಸ್ತಿ

ಮೊದಲು ಬಿದ್ದದ್ದು ಚಿಮಟ. ಆಮೇಲೆ ಯಾರದೋ ಕೈಗಡಿಯಾರದ, ಎಳ್ಳುಕಾಳಿನಷ್ಟು ಚಿಕ್ಕ ಸ್ಕ್ರೂ. ಮೂವತ್ತು ವರ್ಷ ಗಡಿಯಾರ ರಿಪೇರಿ ಮಾಡಿದ ನನ್ನ ಗಂಡ ಟಾರ್ಚ್ ಹಿಡಿದು, ಮಂಡಿಯೂರಿ ನೆಲವೆಲ್ಲ ತಡಕುತ್ತಿದ್ದರು. ಅಂಗಡಿಯ ಇನ್ನೊಂದು ಅರ್ಧ ನನ್ನದು, ಹೊಲಿಗೆಯದು. ಕೂತಲ್ಲಿಂದಲೇ ಕೂಗಾಡಿದೆ.

“ರೀ, ಕೈಗೇನು ದೆವ್ವ ಹಿಡ್ಕೊಂಡಿದೆಯಾ?”

“ಬೆರಳು ಜುಮ್ ಅಂತಾವೆ ಕಣೇ. ಇದ್ದೂ ಇಲ್ಲದ ಹಾಗೆ.”

ಬೆರಳು ಹೋದರೆ ಅವರ ಕೆಲಸ ಹೋಯಿತು. ಆ ಕೆಲಸ ಬಿಟ್ಟರೆ ಆ ಮನುಷ್ಯನಿಗೆ ಬೇರೆ ಏನೂ ಗೊತ್ತಿಲ್ಲ, ಅನ್ನಕ್ಕೆ ಉಪ್ಪು ಎಷ್ಟು ಅಂತಲೂ ಗೊತ್ತಿಲ್ಲ.

ಡಾಕ್ಟರಮ್ಮ ಬೆರಳನ್ನು ಒತ್ತಿ ನೋಡಿ, ಕತ್ತಿನ ಎಕ್ಸ್‌ರೇ ಬರೆದರು.

“ತೊಂದರೆ ಬೆರಳಿಗೆ, ಫೋಟೋ ಕತ್ತಿಗಾ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ ಹಾಗಾಯ್ತು!” ಅಂದೆ.

ಅವರು ನಕ್ಕು ವಿವರಿಸಿದರು. ಬೆರಳಿನ ನರ ಹೊರಡುವುದೇ ಕತ್ತಿನ ಮೂಳೆಗಳ ಸಂದಿಯಿಂದಂತೆ. ತಲೆ ಸುಮಾರು ಐದು ಕಿಲೋ. ನೆಟ್ಟಗಿದ್ದರೆ ಬೆನ್ನುಮೂಳೆ ಅದನ್ನು ಸಲೀಸಾಗಿ ಹೊರುತ್ತದೆ, ಮುಂದಕ್ಕೆ ಬಾಗಿದಷ್ಟೂ ಕತ್ತಿನ ಮೇಲೆ ಭಾರ ಏರುತ್ತದೆ. ತುಂಬಿದ ಕೊಡವನ್ನು ಸೊಂಟಕ್ಕೆ ಆನಿಸಿಕೊಳ್ಳುವುದೇ ಬೇರೆ, ಕೈ ಚಾಚಿ ಹಿಡಿಯುವುದೇ ಬೇರೆಯಲ್ಲವೇ? ಮೂಳೆಗಳ ನಡುವಿನ ಮೆತ್ತೆ ಹೊರಗೆ ಉಬ್ಬಿ ನರವನ್ನು ಹಿಸುಕುತ್ತಿರಬೇಕು ಅಂದರು.

“ಹಾಗಾದ್ರೆ ನೆಟ್ಟಗೆ ಕೂತ್ರೆ ಆಯ್ತು!”

“ಇಡೀ ದಿನ ನೆಟ್ಟಗೆ ಕೂರೋದೂ ತಪ್ಪಮ್ಮ,” ಅಂದ ಪಕ್ಕದ ಕೋಣೆಯಲ್ಲಿ ವ್ಯಾಯಾಮ ಕಲಿಸುವವನು. “ಹೆಂಗೇ ಕೂತ್ರೂ ಬಹಳ ಹೊತ್ತು ಹಂಗೇ ಇರಬಾರದು.”

ನಾದಿನಿ ಬರೀ ನೆಲದ ಮೇಲೆ ಮಲಗಿಸು ಅಂದಳು. ಎದುರಿನ ಕನ್ನಡಕದ ಅಂಗಡಿಯವನು ಮಲಗಿಸಲೇ ಬೇಡಿ ಅಂದ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಯಾರ ಮಾತು ಕೇಳಬೇಕೋ ನನಗೆ ತಲೆಬುಡ ತಿಳಿಯಲಿಲ್ಲ.

ಎರಡನೇ ಸಲ ಹೋದಾಗ ಡಾಕ್ಟರಮ್ಮ ಕೇಳಿದರು, “ಬೆನ್ನು ಹೀಗೆ ಬಾಗಿ ಎಷ್ಟು ದಿನ ಆಯ್ತು? ಹೊಸದಾದ್ರೆ ಬೇಗ ಹಿಂದಕ್ಕೆ ಬರುತ್ತೆ. ಹಳೇದಾದ್ರೆ ಬೇರೆ ದಾರಿ ನೋಡ್ಬೇಕು.”

“ಎರಡು ತಿಂಗಳು ಇರಬಹುದು,” ಅಂದರು ಇವರು. ನಾನೂ ಹೌದೌದು ಅಂದೆ.

ಮಾರನೆಯ ಬೆಳಿಗ್ಗೆ ಇವರಿಗೊಂದು ಶರ್ಟು ಕತ್ತರಿಸೋಣವೆಂದು ಅಳತೆ ಪುಸ್ತಕ ತೆಗೆದೆ. ಬೆನ್ನು ಬಾಗಿದವರಿಗೆ ಶರ್ಟು ಹಿಂದೆ ಮೇಲೇರುತ್ತದೆ, ಮುಂದೆ ಜೋಲುತ್ತದೆ. ದರ್ಜಿಯಾದವಳು ತುಟಿಪಿಟಕ್ಕೆನ್ನದೆ ಹಿಂದೆ ಕಾಲಿಂಚು ಕೂಡಿಸಿ, ಮುಂದೆ ಕಾಲಿಂಚು ಕಳೆಯುತ್ತಾಳೆ. ಗಿರಾಕಿಗೆ ಮುಜುಗರ ಮಾಡಬಾರದು, ಅದು ನಮ್ಮ ಕಸುಬಿನ ಮರ್ಯಾದೆ. ಇವರ ಪುಟದಲ್ಲಿ ನನ್ನದೇ ಅಕ್ಷರದಲ್ಲಿ ‘ಹಿಂದೆ ಕಾಲಿಂಚು ಜಾಸ್ತಿ’ ಅಂತ ಇತ್ತು. ಅದರ ಕೆಳಗೆ ಮತ್ತೆ ಅದೇ. ಒಂಬತ್ತು ವರ್ಷದಲ್ಲಿ ಏಳು ಸಲ, ಒಂದರ ಮೇಲೊಂದು.

ಅಯ್ಯೋ ನನ್ನ ಕೈಗಿಷ್ಟು ಬೆಂಕಿ ಹಾಕ! ನನ್ನ ಗಂಡನ ಶರ್ಟಿನ ಬೆನ್ನಿಗೆ ಒಂದು ಸುಕ್ಕೂ ಇಲ್ಲ ಅಂತ ಬೀಗುತ್ತಿದ್ದೆನಲ್ಲ. ಹೇಳಿದರೆ ಅವರ ಆಸೆ ಮುರಿಯುತ್ತದೆ, ಹೇಳದಿದ್ದರೆ ಚಿಕಿತ್ಸೆಯೇ ದಾರಿ ತಪ್ಪುತ್ತದೆ. ಕತ್ತರಿ ಕೆಳಗಿಟ್ಟೆ. ಕೊನೆಗೆ ಪುಸ್ತಕವನ್ನು ಅವರ ಕಾಫಿ ಲೋಟದ ಪಕ್ಕ ಇಟ್ಟೆ.

ಜೋಮು ಹಿಡಿದ ಬೆರಳಲ್ಲಿ ಒಂದೊಂದೇ ಸಾಲು ಮುಟ್ಟುತ್ತ ಓದಿದರು. “ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತೋ ಇಲ್ವೋ, ಅದೇ ಗೊತ್ತಾಗ್ತಿಲ್ಲ ರೀ. ಶರ್ಟ್ ಸರಿ ಮಾಡ್ದೆ, ಅಷ್ಟೇ. ಯಾಕೆ ಹೀಗಾಗ್ತಿದೆ ಅಂತ ಒಂದು ಸಲಾನೂ ಕೇಳ್ಲಿಲ್ಲ.” ನನಗೆ ಅಳು ಬಂತು.

“ಕನ್ನಡೀಲಿ ಶರ್ಟ್ ಸರಿ ಇತ್ತು. ನಾನೂ ಸರಿ ಇದೀನಿ ಅಂದ್ಕೊಂಡೆ.” ಪುಸ್ತಕ ಮುಚ್ಚಿದರು. “ಈ ಸಲ ಮೊದಲನೇ ಅಳತೆಗೇ ಹೊಲಿ. ಸುಳ್ಳು ಹೊಲೀಬೇಡ.”

ಪುಸ್ತಕ ನೋಡಿದ ಡಾಕ್ಟರಮ್ಮನ ನಗು ನಿಂತಿತು. ಚಿಕಿತ್ಸೆಯ ದಾರಿ ಬದಲಾಯಿತು. ಮೇಜು ಒಂದು ಗೇಣು ಎತ್ತರವಾಯಿತು, ಗಡಿಯಾರವೇ ಕಣ್ಣಿನ ಹತ್ತಿರ ಬಂತು. ಅರ್ಧ ಗಂಟೆಗೊಮ್ಮೆ ಎದ್ದು ಓಡಾಟ, ದಿನಕ್ಕೆರಡು ಸಲ ವ್ಯಾಯಾಮ. ಬೆರಳಿನ ಬಗ್ಗೆ ಮಾತ್ರ ಡಾಕ್ಟರಮ್ಮ ಭರವಸೆ ಕೊಡಲಿಲ್ಲ. ಹೊಸ ಶರ್ಟು ಹಿಂದೆ ಮೋಟಾಗಿ, ಮುಂದೆ ಜೋಲುತ್ತಿತ್ತು. ನನ್ನ ಕೈಯ ಹೊಲಿಗೆ ಅನ್ನಲು ನಾಚಿಕೆ. ಇವರು ಅದನ್ನೇ ಹಾಕಿಕೊಂಡು ಅಂಗಡಿಗೆ ಬಂದರು. ನೋಡಿದವರಿಗೆಲ್ಲ “ನನ್ನ ಹೆಂಡ್ತಿ ಹೊಲಿದಿದ್ದು” ಅಂತ ಬೇರೆ ಹೇಳಿದರು.

ಎರಡು ತಿಂಗಳ ಮೇಲೆ, ಇವತ್ತು, ಅಳತೆ ನೋಡು ಅಂದರು. ಕತ್ತಿನ ಬುಡದಿಂದ ಸೊಂಟಕ್ಕೆ ಟೇಪು ಇಳಿಸಿದೆ. ಹಿಂದಿನ ಅಳತೆಗಿಂತ ಕಾಲಿಂಚು ಕಮ್ಮಿ.

“ಎಷ್ಟು?” ಅಂದರು, ಬೆನ್ನು ತಿರುಗಿಸಿಕೊಂಡೇ.

ಬೆನ್ನು ನೆಟ್ಟಗಾಗಿದೆಯೋ, ಆಸೆಗೆ ನನ್ನ ಕೈಯೇ ಟೇಪನ್ನು ಬಿಗಿ ಎಳೆದಿದೆಯೋ? ಏಳು ಸಲ ಇದೇ ಕೈಯನ್ನು ನಂಬಿದ್ದೆ. ಈಗ ನಂಬಲು ಧೈರ್ಯವಿಲ್ಲ.

“ಇರಿ,” ಅಂದೆ. “ಎದುರಂಗಡಿಯವನನ್ನ ಕರೀತೀನಿ. ಅವನು ಅಳೀಲಿ.”