ಉಳಿದವಳ ಮೇಣದಬತ್ತಿ

ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ಮಕ್ಕಳ ಕ್ಲಿನಿಕ್ಕಿನ ನರ್ಸ್ ಶಾಂತಕುಮಾರಿ ಚರ್ಚಿನಲ್ಲಿ ಗುರುಗಳ ಮುಂದೆ ಪಾಪನಿವೇದನೆಗೆ ಹೋದಾಗಲೆಲ್ಲ ಹೇಳುತ್ತಿದ್ದುದು ಒಂದೇ ಪಾಪ. ಮಿಕ್ಕಿದ್ದೆಲ್ಲ ಬರೀ ಒಗ್ಗರಣೆ. "ತಮ್ಮನ ವಿಷಯದಲ್ಲಿ ತಪ್ಪು ಮಾಡೀನಿ, ಸ್ವಾಮಿ." ಅವಳ ಹಿಂದೆ ಉದ್ದ ಸಾಲಿರುತ್ತಿತ್ತು, ಏನು ತಪ್ಪೆಂದು ಯಾವ ಗುರುಗಳೂ ಕೇಳಲಿಲ್ಲ. ಒಂದಿಷ್ಟು ನಮೋ ಮರಿಯಾ ಜಪ ಹೇಳಲು ತಿಳಿಸಿ ಕಳಿಸುವರು. ಅವಳು ಹೇಳಿ ಮುಗಿಸಿ, ತಂದ ಭಾರವನ್ನೇ ಹೊತ್ತು ಮನೆಗೆ ಹೋಗುವಳು.

ಸಂಗತಿ ಇಷ್ಟೇ. ಚಿಕ್ಕವಳಿದ್ದಾಗ ಅವಳಿಗೂ ತಮ್ಮ ರಾಜಕುಮಾರನಿಗೂ ಒಟ್ಟಿಗೇ ಜ್ವರ ಬಂತು. ಅವನು ಹೋದ, ಇವಳು ಎದ್ದು ಕೂತಳು. ಮಣ್ಣು ಮಾಡಿ ಬಂದ ದಿನ ತಾಯಿ ಲೂರ್ದಮ್ಮ ಮಗಳ ಮುಖ ನೋಡಿ, "ಹೋಗೋದಾದ್ರೆ ಇವಳು ಹೋಗಬಾರದಿತ್ತಾ" ಎಂದುಬಿಟ್ಟಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಗಳು ಅಂದಿನಿಂದ ತಾನು ಬದುಕಿರುವುದೇ ಪಾಪವೆಂದು ನಂಬಿದಳು.

ಪ್ರತಿವರ್ಷ ಅವನು ತೀರಿಕೊಂಡ ದಿನ ತಾಯಿ ಮಗಳು ಬಸ್ಸು ಹತ್ತಿ ಹರಿಹರಕ್ಕೆ ಹೋಗಿ, ಅಲ್ಲಿನ ಚರ್ಚಿನ ಆರೋಗ್ಯ ಮಾತೆಯ ಮುಂದೆ ಅವನ ಹೆಸರಲ್ಲಿ ಮೇಣದಬತ್ತಿ ಹಚ್ಚುವುದು ರೂಢಿ. ಈ ಸಲ ತಾಯಿಯನ್ನು ಅಂಗಳದಲ್ಲಿ ಕೂರಿಸಿ ಶಾಂತಕುಮಾರಿ ಪಾಪನಿವೇದನೆಗೆಂದು ಒಳಗೆ ಹೋದರೆ ಸಾಲೇ ಇರಲಿಲ್ಲ. ಕೂತಿದ್ದವರು ವಯಸ್ಸಾದ ಗುರುಗಳು, ಅವಸರವಿಲ್ಲದವರು. ಅವಳು ಎಂದಿನ ಪಾಪವನ್ನೇ ಹೇಳಿದಳು.

"ತಮ್ಮನಿಗೆ ಏನು ತಪ್ಪು ಮಾಡಿದ್ಯಮ್ಮ?"

"ಅವನು ಸತ್ತ. ನಾನು ಉಳ್ಕೊಂಡೆ, ಸ್ವಾಮಿ."

ಜಾಲರಿಯ ಆಚೆ ಗುರುಗಳು ಮುಂದಕ್ಕೆ ಬಾಗಿದರು. ಆಮೇಲೆ, "ಇದನ್ನ ಕ್ಷಮಿಸಾಕೆ ನನ್ನ ಕೈಲಿ ಆಗಲ್ಲ" ಎಂದರು.

ಅವಳು ಏಳಹೋದಳು, ಗುರುಗಳು ತಡೆದರು.

"ಪಾಪ ಇದ್ರೆ ತಾನೇ ಕ್ಷಮಿಸೋದು? ನಿನ್ನ ಉಸಿರು ದೇವರು ಕೊಟ್ಟಿದ್ದು ಮಗಳೇ, ತಮ್ಮನ ಕೈಯಿಂದ ಕಸ್ಕಂಡಿದ್ದಲ್ಲ. ಹೋಗು, ನಿನ್ನ ಹೆಸರಲ್ಲೂ ಒಂದು ಮೇಣದಬತ್ತಿ ಹಚ್ಚು."

ಅಲ್ಲೇ ಮಂಡಿಯೂರಿ ಬಿಕ್ಕಿ ಬಿಕ್ಕಿ ಅತ್ತಳು. ಯಾರದೋ ಮಗುವಿನ ಜ್ವರ ಇಳಿದಾಗಲೆಲ್ಲ "ದೇವರು ದೊಡ್ಡೋನು" ಎಂದು ಅದರ ತಾಯಿಗೆ ಹೇಳುತ್ತಿದ್ದ ಹೆಂಗಸಿಗೆ, ಆ ಮಾತು ತನಗೂ ಸಲ್ಲುತ್ತದೆಂದು ಇಷ್ಟು ವರ್ಷ ಹೊಳೆದಿರಲಿಲ್ಲ. ಈಗ ಹೊಳೆಯಿತು, ಎದೆ ಹಗುರಾಯಿತು.

ಹೊರಗೆ ಮಾತೆಯ ಮುಂದೆ ತಮ್ಮನ ಬತ್ತಿ ಹಚ್ಚಿ, ಪಕ್ಕದಲ್ಲಿ ಅವಳು ಎರಡನೆಯ ಬತ್ತಿ ಹಚ್ಚುವಾಗ ಲೂರ್ದಮ್ಮ ಕೇಳಿದಳು, "ಇದು ಯಾರಿಗೆ?"

"ನನಗಮ್ಮ. ಅವತ್ತು ಉಳಿದೆನಲ್ಲ, ಅದಕ್ಕೆ."

ಮುದುಕಿಯ ಮುಖ ಬಾಡಿತು. ಆಡಿದ ಮಾತನ್ನು ಅವಳೂ ಮರೆತಿರಲಿಲ್ಲ. ತಪ್ಪಾಯಿತು ಎನ್ನುವ ಬಾಯಿ ಮಾತ್ರ ಅವಳದಲ್ಲ. ಅಷ್ಟರಲ್ಲಿ ಗಾಳಿ ಬೀಸಿತು. ಮಗನ ಬತ್ತಿಗೆ ಮರೆಯಾಗಿ ಹಿಡಿದಿದ್ದ ಎರಡೂ ಅಂಗೈಗಳನ್ನು ತಾಯಿ ಸರಕ್ಕನೆ ತೆಗೆದು ಮಗಳ ಬತ್ತಿಗೆ ಹಿಡಿದಳು. ಅವನದು ಆರಿಹೋಯಿತು.

"ಅಮ್ಮ, ಅವನದು ಆರಿತಲ್ಲ!"

"ಆರ್ಲಿ ಬಿಡು," ಎಂದಳು ಲೂರ್ದಮ್ಮ, ಕೈ ತೆಗೆಯದೆ. "ನಿಂದು ಐತಲ್ಲ, ಅದರಿಂದಲೇ ಹಚ್ಚಿದ್ರಾತು."