ತಾಜ್ ಮಹಲಿಗೆ ಒಯ್ದ ಕಜ್ಜಾಯ

ಅದು ಸಮಾಧಿ ಅಂತ ರೂಪ ಬಾಯಿ ಬಿಡಲೇಬಾರದಿತ್ತು.

ಮಳವಳ್ಳಿಯಲ್ಲಿ ಅವಳು ಪಾಠ ಹೇಳುವ ಶಾಲೆಯ ಟೀಚರುಗಳೆಲ್ಲ ಬೇಸಿಗೆ ರಜೆಗೆ ಮನೆಯವರನ್ನು ಕಟ್ಟಿಕೊಂಡು ದೆಹಲಿ, ಆಗ್ರಾ ಸುತ್ತಿ ಬರುವುದೆಂದು ನಿಶ್ಚಯವಾಯಿತು. ರೂಪ ಚಿಕ್ಕರಸಿನಕೆರೆಗೆ ಹೋಗಿ ಬೆಟ್ಟಮ್ಮನನ್ನು ಹೊರಡಿಸಿದಳು. ಬೆಟ್ಟಮ್ಮ ಅವಳನ್ನು ಹೆತ್ತವಳಲ್ಲ, ದೊಡ್ಡಮ್ಮ. ತಂಗಿ ಪುಟ್ಟಮಾದಮ್ಮ ಹೆರಿಗೆಯಲ್ಲಿ ತೀರಿಕೊಂಡಾಗ ಹಸಿಗೂಸನ್ನು ಮಡಿಲಿಗೆ ಹಾಕಿಕೊಂಡವಳು. ರೂಪ ಮಾತು ಕಲಿತಾಗಿನಿಂದ ಅವ್ವ ಅಂದದ್ದು ಇವಳನ್ನೇ.

"ತಾಜ್ ಮಹಲ್ ಅಂದ್ರೆ ಯಾವ ದೇವ್ರವ್ವ?"

"ದೇವ್ರಲ್ಲ ಕಣವ್ವ, ಸಮಾಧಿ. ರಾಜ ಹೆಂಡ್ತಿಗೆ ಕಟ್ಸಿದ್ದು. ಎರಿಗೇಲಿ ಓಗ್ಬುಟ್ಳಂತೆ."

ಬೆಟ್ಟಮ್ಮ ಆಮೇಲೆ ಏನೂ ಕೇಳಲಿಲ್ಲ. ವರ್ಷವರ್ಷವೂ ಹಿರಿಯರ ಹಬ್ಬದಲ್ಲಿ ಗದ್ದೆ ಬದಿಯ ತಂಗಿಯ ಸಮಾಧಿಗೆ ಎಡೆ ಇಡುವವಳು ಅವಳು. ಕಜ್ಜಾಯ, ಹಸಿರು ಬಳೆ, ಅರಿಶಿನ ಕುಂಕುಮ. ರಾಜನ ಹೆಂಡತಿಯಾದರೇನು, ಬಾಣಂತಿಯಾಗಬೇಕಾದವಳ ಸಮಾಧಿಗೆ ಬರಿಗೈಯಲ್ಲಿ ಹೋಗುವುದು ಅವಳ ಲೆಕ್ಕದಲ್ಲಿ ಮನುಷ್ಯರು ಮಾಡುವ ಕೆಲಸವಲ್ಲ. ಅಷ್ಟನ್ನೂ ಹಳೇ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ, ಯಾರಿಗೂ ಹೇಳದೆ ಚೀಲದ ತಳದಲ್ಲಿಟ್ಟುಕೊಂಡು ರೈಲು ಹತ್ತಿದಳು.

ಇವರಿಬ್ಬರೂ ತಾಜ್ ಮಹಲಿನ ಬಾಗಿಲಿಗೆ ಬರುವಷ್ಟರಲ್ಲಿ ಉಳಿದ ಟೀಚರುಗಳು ಒಳಗೆ ಹೋಗಿಬಿಟ್ಟಿದ್ದರು. ಹೆಂಗಸರ ಸಾಲಿನಲ್ಲಿ ತಪಾಸಣೆ ಮಾಡುತ್ತಿದ್ದ ಪೊಲೀಸಮ್ಮ ಬೆಟ್ಟಮ್ಮ ಚೀಲದಿಂದ ತೆಗೆದು ಮಡಿಲಿಗೆ ಸಿಕ್ಕಿಸಿಕೊಂಡಿದ್ದ ಗಂಟು ಬಿಚ್ಚಿಸಿದಳು. ಕುಂಕುಮದ ಪೊಟ್ಟಣ ಒಡೆದು ಕಜ್ಜಾಯಕ್ಕೆಲ್ಲ ಮೆತ್ತಿಕೊಂಡಿತ್ತು. ತಿಂಡಿ ಒಳಗೆ ಬಿಡುವುದಿಲ್ಲ, ಕಸದ ಡಬ್ಬಿಗೆ ಹಾಕು ಅಂತ ಆಕೆ ಕೈ ತೋರಿಸಿದಳು. ಬೆಟ್ಟಮ್ಮ ಗಂಟನ್ನು ಅವಚಿಕೊಂಡು ಅಲ್ಲೇ ಕುಕ್ಕರಿಸಿದಳು.

"ಎಡೆ ಕಣವ್ವ ಇದು! ಎರಿಗೇಲಿ ಸತ್ತೋಳ್ಗೆ ಮಡಗಾದು! ಕಸಕ್ಕಾಕು ಅಂತೀಯಲ್ಲ, ನೀನು ಎಣ್ಣಲ್ವಾ?"

ಊರಿನ ಗದ್ದೆ ಬಯಲಲ್ಲಿ ಕೂಗುವ ದನಿ ಅದು. ಸಾಲಿನವರೆಲ್ಲ ನಗತೊಡಗಿದರು. ಯಾರೋ ಮೊಬೈಲು ಎತ್ತಿದರು. ರೂಪಳಿಗೆ ಮೈಯೆಲ್ಲ ಮುದುಡಿಕೊಂಡಿತು. ಪೊಲೀಸಮ್ಮ ಅವಳತ್ತ ತಿರುಗಿ ಹಿಂದಿಯಲ್ಲಿ, ಇವರು ನಿಮ್ಮ ತಾಯಿಯೇ ಎಂದು ಕೇಳಿದಳು.

"ನಹೀ," ಅಂದುಬಿಟ್ಟಳು ರೂಪ.

ಅಂದವಳೇ ಒಳಗೆ ನಡೆದಳು. ಸುಳ್ಳೇನೂ ಹೇಳಲಿಲ್ಲವಲ್ಲ, ಹೆತ್ತವಳಲ್ಲವಲ್ಲ ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಕಲಿತ ಬುದ್ಧಿ ಇಂಥದ್ದಕ್ಕೆಲ್ಲ ಎಷ್ಟು ಬೇಗ ಒದಗುತ್ತದೆ ನೋಡಿ! ಅವ್ವ ಎಲ್ಲಿ ಎಂದು ಜೊತೆಯ ಟೀಚರು ವೀಣ ಕೇಳಿದಾಗ, ಕಾಲುನೋವಂತೆ, ಹೊರಗೇ ಕೂತಿದ್ದಾರೆ ಅಂದಳು. ಬಿಳೀ ಗುಮ್ಮಟದ ಮುಂದೆ ನಿಂತು ಫೋಟೋ ತೆಗೆಸಿಕೊಂಡಳು. ಗುಮ್ಮಟ ಹೇಗಿತ್ತು ಅಂತ ಇವತ್ತು ಕೇಳಿದರೆ ಅವಳಿಗೆ ನೆನಪಿಲ್ಲ.

ಹೊರಬಂದಾಗ ಬೆಟ್ಟಮ್ಮ ನೆರಳಲ್ಲಿ ಕೂತಿದ್ದಳು. ಪೊಲೀಸಮ್ಮನೇ ಕೂರಿಸಿ ನೀರು ಕೊಟ್ಟಿದ್ದಳು. ಗಂಟು ಮಡಿಲಲ್ಲೇ ಇತ್ತು. ರೂಪಳನ್ನು ಕಂಡದ್ದೇ ಮುದುಕಿಯ ಮುಖ ಅರಳಿತು. ಪೊಲೀಸಮ್ಮನ ತೋಳು ಹಿಡಿದು ಎಳೆದಳು.

"ಬಂದ್ಲು ನೋಡು! ಇವ್ಳೇ ಕಣವ್ವ ನನ್ ಮಗ್ಳು! ಆಗ್ಲಿಂದ ಯೋಳ್ತಾವ್ನಿ, ನಿಂಗೆ ತಿಳಿಯಾಕಿಲ್ಲ."

ಎದೆ ಮುಟ್ಟಿಕೊಂಡು, ರೂಪಳ ಕಡೆ ಬೆರಳು ಮಾಡಿ ತೋರಿಸಿದಳು. ಪೊಲೀಸಮ್ಮ ಇಬ್ಬರನ್ನೂ ನೋಡಿದಳು. ಆಮೇಲೆ ರೂಪಳತ್ತ ಗದ್ದ ಎತ್ತಿ, ಕೈಯಾಡಿಸಿ, ಬೆಟ್ಟಮ್ಮನಿಗೆ ತಿಳಿಯುವ ಹಾಗೆ ಬಿಡಿಸಿ ಬಿಡಿಸಿ ಹೇಳಿದಳು. "ಇಸ್ನೇ ಬೋಲಾ, ಮಾ ನಹೀ. ನಹೀ."

ಬೆಟ್ಟಮ್ಮನಿಗೆ ಹಿಂದಿ ಬರುವುದಿಲ್ಲ. ಅಷ್ಟು ಅರ್ಥವಾಗಲು ಹಿಂದಿ ಬೇಕಿರಲಿಲ್ಲ. ತೋರಿಸಿದ ಬೆರಳನ್ನು ಮೆಲ್ಲಗೆ ಮಡಚಿಕೊಂಡಳು.

"ಚೆನ್ನಾಗಿತ್ತಾ?" ಅಂತಷ್ಟೇ ಕೇಳಿದಳು.

ರೂಪ ಗಂಟಿನ ಕಡೆ ನೋಡುತ್ತ ತಲೆಯಾಡಿಸಿದಳು. ಆ ಕ್ಷಣ ಭೂಮಿ ಬಿರಿದು ನುಂಗಿದ್ದರೂ ಆಗುತ್ತಿತ್ತು. ರೈಲಿನಲ್ಲಿ ಕ್ಷಮಿಸು ಅನ್ನಬೇಕೆಂದು ಎಷ್ಟೋ ಸಲ ಬಾಯಿ ತೆರೆದಳು, ನಾಚಿಕೆ ನಾಲಿಗೆ ಹಿಡಿದುಕೊಂಡಿತು. ಬೆಟ್ಟಮ್ಮ ಕುಂಕುಮ ಒರೆಸಿ ಒರೆಸಿ ಕಜ್ಜಾಯ ತಿಂದು ಮುಗಿಸಿದಳು. ರೂಪಳಿಗೊಂದನ್ನೂ ಕೊಡಲಿಲ್ಲ.

ಹಿರಿಯರ ಹಬ್ಬ ಬಂತು. ಈ ಸಲ ಕ್ಷಮೆ ಕೇಳಿಯೇ ತೀರುವುದೆಂದು ರೂಪ ಬೆಳಗಿನ ಮೊದಲ ಬಸ್ಸಿಗೇ ಚಿಕ್ಕರಸಿನಕೆರೆಗೆ ಬಂದಳು. ಇಬ್ಬರೂ ಗದ್ದೆ ಬದಿಗೆ ಹೋದರು. ಪ್ರತಿ ವರ್ಷ ಎಡೆ ಇಡುತ್ತಿದ್ದವಳು ಬೆಟ್ಟಮ್ಮ, ರೂಪ ಬರೀ ಕೈಮುಗಿಯುತ್ತಿದ್ದಳು. ಈ ಸಲ ಬೆಟ್ಟಮ್ಮ ಎಡೆಯ ಬಾಳೆಲೆಯನ್ನು ಅವಳ ಕೈಗೇ ಕೊಟ್ಟಳು.

"ತಕಳವ್ವ. ನಿಮ್ಮವ್ವಂಗೆ ನೀನೇ ಮಡಗು."

ಅವಳ ಬಾಯಲ್ಲಿ ನಿಮ್ಮವ್ವ ಎಂಬ ಮಾತು ಯಾವತ್ತೂ ಬಂದಿರಲಿಲ್ಲ. ನನ್ ತಂಗಿ ಅನ್ನುತ್ತಿದ್ದಳು. ರೂಪಳ ಕೈಯಲ್ಲಿ ಎಲೆ ವಾಲಿ ಬಳೆಗಳು ಜಾರಿದವು. 

"ಅವ್ವಾ," ಎಂದಳು. "ಅವ್ವಾ, ನಂದು ತಪ್ಪಾಯ್ತು ಕಣವ್ವ."

ಬೆಟ್ಟಮ್ಮ ಇವಳ ಕಡೆ ತಿರುಗಲಿಲ್ಲ. ಬಗ್ಗಿ ಬಳೆಗಳನ್ನು ಎತ್ತಿಟ್ಟು ಸಮಾಧಿಯ ಕಲ್ಲು ಸವರಿದಳು.

"ನಿನ್ ಮಗ್ಳು ಕರೀತಾವ್ಳೆ ಕಣೆ," ಅಂದಳು ತಂಗಿಗೆ. "ಓಗೊಡು."